ಮ್ಯಾಕ್ರಮೆ ಪ್ಲಾಂಟ್ ಹ್ಯಾಂಗರ್: ಹತ್ತಿಯೋ, ಸೆಣಬೋ, ‘ನೈಲಾನೋ’?

ಮ್ಯಾಕ್ರಮೆ ಎಂದರೆ ದಾರಕ್ಕೆ ಕೈಯಲ್ಲೇ ಗಂಟು ಹಾಕುತ್ತಾ ಹೆಣೆಯುವ ಕಸುಬು. ಇಲ್ಲಿ ಮೂರೂ ದಾರಕ್ಕೆ ನಮೂನೆ ಒಂದೇ: ಆರಿಂಚಿನ ಕುಂಡ ಹಿಡಿಯುವ, ನಾಲ್ಕು ಕಾಲಿನ ಹ್ಯಾಂಗರ್. ದಪ್ಪ 4 ಮಿ.ಮೀ. 5 ಮೀಟರಿನ 8 ಎಳೆ, ಮೇಲೆ ಕೆಳಗೆ ಸುತ್ತಿ ಬಿಗಿಯಲು 1 ಮೀಟರಿನ 2 ತುಂಡು, ಒಟ್ಟು 42 ಮೀಟರ್. ಹ್ಯಾಂಗರನ್ನು ನೇತುಹಾಕುವ ಮೇಲಿನ ಬಳೆಯೊಳಗೆ ಹಾಯಿಸಿದ ಎಳೆಯನ್ನು ಸರಿಯಾಗಿ ಅರ್ಧಕ್ಕೆ ಮಡಿಸಬೇಡಿ. ಒಂದು ಬದಿ 1.8 ಮೀಟರ್, ಇನ್ನೊಂದು ಬದಿ 3.2 ಮೀಟರ್ ಬಿಡಿ. ಒಂದೊಂದು ಕಾಲಿಗೆ ನಾಲ್ಕು ನಾಲ್ಕು ಎಳೆಯ ಗುಂಪು ಮಾಡುವಾಗ ಗಿಡ್ಡ ಎರಡು ನಡುವೆ, ಉದ್ದ ಎರಡು ಅಕ್ಕಪಕ್ಕ. ಗಂಟಾಗುವುದು ಪಕ್ಕದ ಎಳೆ, ನಡುವಿನದು ಸುಮ್ಮನೆ ನಿಂತಿರುತ್ತದೆ. ಸಮ ಮಡಿಸಿದರೆ ಕುಂಡ ಕೂರುವ ಕೆಳಗಿನ ಬಲೆಗೆ ಬರುವಷ್ಟರಲ್ಲಿ ಪಕ್ಕದ ದಾರ ಮುಗಿದು, ನಡುವಿನದು ಮೊಳಗಟ್ಟಲೆ ಮಿಕ್ಕಿರುತ್ತದೆ.

ಹತ್ತಿಯಲ್ಲೇ ಎರಡು ಜಾತಿ. ಸಿಂಗಲ್ ಸ್ಟ್ರ್ಯಾಂಡ್ ಮೆತ್ತಗಿರುತ್ತದೆ, ತುದಿ ಬಾಚಿದರೆ ರೇಷ್ಮೆಯಂಥ ಕುಚ್ಚು ಬರುತ್ತದೆ. ಆದರೆ ಒಂದೆರಡು ಸಲ ಗಂಟು ಬಿಚ್ಚಿದರೆ ಹುರಿ ಸಡಿಲಾಗಿ ಎಳೆ ನಾರುನಾರಾಗುತ್ತದೆ. ಗೋಡೆಗೆ ನೇತುಹಾಕುವ ಅಲಂಕಾರಕ್ಕೆ ಅದೇ ಸರಿ. ತೂಕ ಹೊರುವುದಕ್ಕೆ ಮೂರೆಳೆ ಹೊಸೆದದ್ದು, ಅಂಗಡಿಯವರು ತ್ರೀ ಪ್ಲೈ ಅನ್ನುವುದು, ಬೇಕು. ಕಲಿಯುವವರಿಗೂ ಇದೇ ವಾಸಿ, ಬಿಚ್ಚಿ ಮತ್ತೆ ಹಾಕಿದರೂ ಕೆಡುವುದಿಲ್ಲ. ತೊಂದರೆ ಎಂದರೆ ಹತ್ತಿ ಜಗ್ಗುತ್ತದೆ. ಮಣ್ಣು ನೆನೆದಾಗ ಕುಂಡ ಸುಮಾರು 2 ಕೆಜಿ ಇರುತ್ತದೆ; ಗಂಟಿನ ಬಿಗಿ ನಾಲ್ಕೂ ಕಾಲಿನಲ್ಲಿ ಒಂದೇ ಇಲ್ಲದಿದ್ದರೆ ಕೆಲವೇ ದಿನಕ್ಕೆ ಕುಂಡ ವಾಲುತ್ತದೆ. ಬಲೆಯ ಗಂಟು ಹಾಕುವ ಮುಂಚೆ ಕಾಲುಗಳಿಗೆ ಸಮ ತೂಕ ಕಟ್ಟಿ ಒಂದು ರಾತ್ರಿ ಬಿಡಿ, ಜಗ್ಗುವುದೆಲ್ಲ ಜಗ್ಗಲಿ, ಆಮೇಲೆ ಅಳೆದು ಗಂಟು ಹಾಕಿ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಹತ್ತಿಗೆ ಬೂಷ್ಟು ಖಂಡಿತ. ಕಪ್ಪು ಚುಕ್ಕಿ ಮೊದಲು ಕಾಣುವುದು ಎಲ್ಲ ಎಳೆ ಸೇರುವ ಅಡಿಗಂಟಿನಲ್ಲಿ: ಕುಂಡದ ತೂತಿನಿಂದ ನೀರು ಇಳಿಯುವುದು ಅಲ್ಲಿಗೇ, ಒಣಗದಿರುವುದೂ ಅಲ್ಲೇ. ಕುಂಡದಡಿಗೊಂದು ತಟ್ಟೆ ಕೂರಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ‘ಶುದ್ಧ ಹತ್ತಿ’ ಎಂದು ಕೊಟ್ಟದ್ದರಲ್ಲಿ ಪಾಲಿಯೆಸ್ಟರ್ ಬೆರೆತಿರುವುದೂ ಉಂಟು. ಒಂದು ಎಳೆ ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಬೆರಕೆ.

ಸೆಣಬು ಅಗ್ಗ, ನೋಡಲು ಚೆನ್ನ, ಅಷ್ಟೇ. ಹೊಸದರಲ್ಲಿ ಎಣ್ಣೆಯ ವಾಸನೆ, ಹೆಣೆಯುವಾಗ ಕೈಗೆ ತುರಿಕೆ, ನೆಲದ ತುಂಬ ಜುಂಗು. ಹಿಡಿತ ಜಾಸ್ತಿ, ಗಂಟು ಜಾರುವುದಿಲ್ಲ. ಆದರೆ ತಪ್ಪಿದ ಗಂಟನ್ನು ಬಿಚ್ಚುವುದೂ ಕಷ್ಟ. ಕಾಲು ಹೆಣೆಯುವ ಸ್ಕ್ವೇರ್ ನಾಟ್‌ನಲ್ಲಿ, ಅಂದರೆ ನಡುವಿನ ಎಳೆಗಳ ಮೇಲೆ ಪಕ್ಕದ ಎಳೆಗಳಿಂದ ಹಾಕುವ ಚಪ್ಪಟೆ ಗಂಟಿನಲ್ಲಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾಕಬೇಕು. ಒಂದೇ ಬದಿಯಿಂದ ಹಾಕುತ್ತಾ ಹೋದರೆ ಪಟ್ಟಿ ತಿರುಚಿಕೊಂಡು ಸ್ಪೈರಲ್ ಆಗುತ್ತದೆ. ಎಡದಿಂದ ಶುರುಮಾಡಿದ ಗಂಟಿನ ಪುಟ್ಟ ಉಬ್ಬು ಎಡಕ್ಕೇ ನಿಲ್ಲುತ್ತದೆ, ಅದನ್ನು ನೋಡಿದರೆ ತಪ್ಪು ಗೊತ್ತಾಗುತ್ತದೆ. ಸೆಣಬಿನ ಜುಂಗಿನಲ್ಲಿ ಆ ಉಬ್ಬು ಕಾಣುವುದೇ ಇಲ್ಲ, ನಾಲ್ಕೈದು ಗಂಟು ದಾಟಿದ ಮೇಲೆ ಬುದ್ಧಿ ಬರುತ್ತದೆ. ನೆನೆದರೆ ಬಲ ಕಡಿಮೆಯಾಗುತ್ತದೆ, ಬಿಸಿಲಿಗೂ ಸವೆಯುತ್ತದೆ. ದಿನಾ ನೀರು ಕುಡಿಯುವ ಗಿಡಕ್ಕೆ ಬೇಡ. ಒಣಹೂವಿಗೋ ಖಾಲಿ ಗಾಜಿನ ಬಾಟಲಿಗೋ ಸಾಕು.

ಹೊಳೆಯುವ ಬಣ್ಣಬಣ್ಣದ ದಾರವನ್ನು ಅಂಗಡಿಗಳಲ್ಲಿ ನೈಲಾನ್ ಅನ್ನುತ್ತಾರೆ, ಬಹುಪಾಲು ಪಾಲಿಪ್ರೊಪಿಲೀನ್. ತುಂಡನ್ನು ನೀರೊಳಗೆ ಹಿಂಡಿ ಗಾಳಿ ಹೊರಹಾಕಿ: ಆಮೇಲೂ ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ನೈಲಾನ್ ಇರಬಹುದು. ಅಂದಕ್ಕೆ ಹತ್ತಿಯ ಹತ್ತಿರವೂ ಸುಳಿಯದು, ಆದರೂ ಮಳೆ ಬೀಳುವ ಬಾಲ್ಕನಿಗೆ ನಮ್ಮ ಮತ ಇದಕ್ಕೇ. ನೀರು ಹೀರದು, ಬೂಷ್ಟು ಕಚ್ಚದು. ಇದರ ರೋಗ ಜಾರುವುದು. ಹತ್ತಿಯಲ್ಲಿ ಅಡಿಗಂಟಿಗೆ 5-6 ಸುತ್ತು ಸಾಕಾದರೆ ಇಲ್ಲಿ 8 ಸುತ್ತಿ, ತುದಿಯನ್ನು ಒಳಗೆಳೆದು, ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ ಲೈಟರ್‌ನಿಂದ ಕರಗಿಸಿ ಮುಚ್ಚಬೇಕು. ಜ್ವಾಲೆಯನ್ನು ತಾಗಿಸದೆ ಹತ್ತಿರ ಹಿಡಿದರೆ ಸಾಕು. ಸುಮಾರು 160 ಡಿಗ್ರಿಗೇ ಕರಗುತ್ತದೆ. ಕರಗಿದ ಹನಿ ಬೆರಳಿಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ, ಹಾಗಾಗಿ ಒತ್ತಲು ಒದ್ದೆ ಚಮಚದ ಹಿಂಬದಿ ಬಳಸಿ. ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಈ ದಾರವೂ ಪೆಡಸಾಗುತ್ತದೆ. ಬೇಸಿಗೆ ಮುಗಿದ ಮೇಲೆ ಬಳೆಯ ಹತ್ತಿರದ ಗಂಟನ್ನು ಉಗುರಿನಿಂದ ಕೆರೆಯಿರಿ, ಪುಡಿ ಉದುರಿದರೆ ಅಂದೇ ಕುಂಡ ಇಳಿಸಿ.