ಮಲಾವಿ ಸರೋವರದ ಹುಳು, ಕಾಸರಗೋಡಿನ ಸ್ಕ್ಯಾನಿಂಗ್: ಮೂರು ವರ್ಷದ ಅನುಭವ

ಆಫ್ರಿಕಾದ ಮಲಾವಿ ಸರೋವರದ ದಡದ ಊರೊಂದರಲ್ಲಿ ಅಂಗಡಿ ಲೆಕ್ಕ ಬರೆಯುತ್ತಿದ್ದೆ. ಭಾನುವಾರ ಬಂತೆಂದರೆ ಈಜು. ಕಾಸರಗೋಡು ಜಿಲ್ಲೆಯ ನನ್ನೂರು ಪೆರ್ಲಕ್ಕೆ ವಾಪಸಾದ ಮೇಲೆ ಮೂತ್ರದ ಕೊನೆಗೆ ರಕ್ತ ಬರತೊಡಗಿತು. ಯಾರಿಗೆ ಹೇಳಿದರೂ ‘ಕಲ್ಲು’ ಅಂತಲೇ; ಬಾಳೆದಿಂಡಿನ ಪಲ್ಯ ತಿಂದದ್ದೇ ತಿಂದದ್ದು.

ಕಾಸರಗೋಡಿನಲ್ಲಿ ಮೊದಲು ಹೋದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೆಂಟರಿನಲ್ಲಿ ಐದೇ ನಿಮಿಷ. ಕಲ್ಲಿಲ್ಲ, ಇನ್‌ಫೆಕ್ಷನ್ ಇರಬಹುದು ಎಂದು ರಿಪೋರ್ಟ್ ಕೊಟ್ಟರು. ಸರೋವರದ ವಿಷಯ ನಾನೂ ಬಾಯಿಬಿಟ್ಟಿರಲಿಲ್ಲ, ಅರ್ಧ ತಪ್ಪು ನನ್ನದೇ. ಇನ್ನೊಂದು ಕಡೆಯ ಡಾಕ್ಟರಮ್ಮ ಮಾತ್ರ ಕೇಳಿದರು, “ಹೊರದೇಶದಲ್ಲಿ ಇದ್ರಾ? ಕೆರೆ ನೀರಿಗೆ ಇಳೀತಿದ್ರಾ?” ಪರದೆ ನನ್ನ ಕಡೆ ತಿರುಗಿಸಿ, ಎರಡು ಪ್ಲಸ್ ಗುರುತಿಟ್ಟು ಅಳೆದು ತೋರಿಸಿದರು. ಮೂತ್ರಕೋಶದ ಗೋಡೆ 8 ಮಿ.ಮೀ. ತುಂಬಿದಾಗ 5ರೊಳಗೆ ಇರಬೇಕಂತೆ. ಗೋಡೆಯಿಂದ ಒಳಕ್ಕೆ ಕಡಲೆಕಾಳಿನಷ್ಟು ಗಂಟು. ಬಲ ಕಿಡ್ನಿ ಸ್ವಲ್ಪ ಊದಿತ್ತು. ಮೂತ್ರ ಮಾಡಿ ಬರಲು ಹೇಳಿ ಕಿಡ್ನಿಯನ್ನು ಮತ್ತೆ ನೋಡಿದರು. ಮೂತ್ರಕೋಶ ಬಿರಿಯುವಷ್ಟು ತುಂಬಿದ್ದರೆ ಆರೋಗ್ಯದ ಕಿಡ್ನಿಯೂ ಊದಿದಂತೆ ಕಾಣುವುದುಂಟಂತೆ. ನನ್ನದು ಇಳಿಯಲಿಲ್ಲ.

ಕಾಯಿಲೆಯ ಹೆಸರು ಶಿಸ್ಟೊಸೋಮಿಯಾಸಿಸ್, ಬಸವನಹುಳುವಿನೊಳಗೆ ಬೆಳೆದು ನೀರಿಗೆ ಬಂದ ಬೇರೊಂದು ಸಣ್ಣ ಹುಳುವಿನ ಮರಿ ಚರ್ಮದೊಳಗೆ ಹೊಗುವುದು. ನಮ್ಮ ದೇಶಕ್ಕೆ ತೀರಾ ಹೊಸದೂ ಅಲ್ಲ. ರತ್ನಾಗಿರಿ ಜಿಲ್ಲೆಯ ಗಿಮ್ವಿಯಲ್ಲಿ 1952ರಲ್ಲೇ ವರದಿಯಾಗಿತ್ತು.

ಸ್ಕ್ಯಾನಿಂಗಿನಲ್ಲಿ ಹುಳು ಕಾಣುವುದಿಲ್ಲ, ಅದಿರುವುದು ರಕ್ತನಾಳದಲ್ಲಿ. ಗೋಡೆಯಲ್ಲಿ ಸಿಕ್ಕಿಬಿದ್ದ ಮೊಟ್ಟೆಗಳು ಎಬ್ಬಿಸಿದ ಹಾವಳಿಯಷ್ಟೇ ಕಾಣುವುದು. ಮೊಟ್ಟೆ ಸಿಕ್ಕಿದ್ದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಹಿಡಿದ ಮೂತ್ರದಲ್ಲಿ. ಪ್ರಾಜಿಕ್ವಾಂಟೆಲ್ ಮಾತ್ರೆ, ಕಿಲೋ ತೂಕಕ್ಕೆ 40 ಮಿ.ಗ್ರಾಂ, ಒಂದೇ ದಿನ.

ಆರು ತಿಂಗಳ ಸ್ಕ್ಯಾನಿಗೆ ಗಂಟು ಮಾಯ, ಗೋಡೆ 5. ಕಿಡ್ನಿ ಒಂದೂವರೆ ವರ್ಷ ಸತಾಯಿಸಿತು. ಇದುವರೆಗೆ ಐದು ಸಲ ಸ್ಕ್ಯಾನಿಂಗ್ ಆಯಿತು. ಸೂಜಿಯಿಲ್ಲ, ವಿಕಿರಣವಿಲ್ಲ, ಹೊಟ್ಟೆಗೆ ತಣ್ಣನೆಯ ಜೆಲ್ ಒಂದೇ. ಗೋಡೆಯಲ್ಲಿ ಸುಣ್ಣ ಕಟ್ಟಿದೆಯೋ ಎಂಬ ಅನುಮಾನಕ್ಕೆ ಮಾತ್ರ ಒಮ್ಮೆ ಸಿಟಿ ಸ್ಕ್ಯಾನ್ ಮಾಡಿಸಿದೆ.

ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕೆಂದು ಪೆರ್ಲದಲ್ಲೇ ಲೀಟರ್ ನೀರು ಕುಡಿದು ಬಸ್ಸು ಹತ್ತಬೇಡಿ. ಬದಿಯಡ್ಕದ ಹೊಂಡಗಳಿಗೆ ಬರುವಾಗಲೇ ಜೀವ ಬಾಯಿಗೆ ಬರುತ್ತದೆ. ನಾನೀಗ ಟೋಕನ್ ತೆಗೆದ ಮೇಲೆಯೇ ಕುಡಿಯುವುದು. ಇನ್ನು ಸ್ಕ್ಯಾನಿಂಗಿನ ಆ ನುಣುಪು ಕಾಗದದ ಚಿತ್ರಗಳು! ಎರಡನೆಯ ಸಲದ್ದು ಕಪಾಟಿನೊಳಗೇ ಬಿಳುಚಿ ಹೋಗಿತ್ತು, ಹೋಲಿಸಲು ಏನೂ ಉಳಿದಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ರಿಪೋರ್ಟಿನಲ್ಲಿ ‘ಗೋಡೆ ದಪ್ಪ’ ಎಂದಷ್ಟೇ ಇದ್ದರೆ ಅಲ್ಲೇ ಕೇಳಿ, ಎಷ್ಟು ಮಿ.ಮೀ. ಅಂತ ಬರೆಸಿಕೊಂಡೇ ಹೊರಡಿ.