ಗ್ವಾಟೆಮಾಲಾ ಊಟದ ಟೂರ್: ಗುಡ್ಡದ ಕಡೆ ಹಬ್ಬ, ಕಾಡಿನ ಕಡೆ ಬರೀ ಓಟ

ಮೊದಲೇ ಹೇಳಿಬಿಡುತ್ತೇನೆ, ಮಧ್ಯ ಅಮೆರಿಕದ ಗ್ವಾಟೆಮಾಲಾ ಸುತ್ತುವ ಈ ಊಟದ ಟೂರ್‌ಗೆ ನನ್ನ ಕಡೆಯಿಂದ ಐದಕ್ಕೆ ಮೂರೂವರೆ ಸ್ಟಾರ್. ಗುಡ್ಡದ ಕಡೆಯ ಆಂಟಿಗ್ವಾ, ಚಿಚಿಕಾಸ್ಟೆನಾಂಗೋ, ಅಟಿಟ್ಲಾನ್ ಸರೋವರ, ಇಷ್ಟಕ್ಕೆ ಮಾತ್ರ ಕೇಳಿದ್ದರೆ ಕಣ್ಣುಮುಚ್ಚಿ ಐದು ಕೊಡುತ್ತಿದ್ದೆ. ಅಲ್ಲಿಂದ ಉತ್ತರಕ್ಕೆ, ಪೆಟೇನ್ ಕಾಡಿನ ಕಡೆ ವ್ಯಾನ್ ತಿರುಗಿದ ಮೇಲೆ ಊಟದ ಟೂರ್ ಅನ್ನೋದು ಬರೀ ಹೆಸರಿಗೆ ಉಳಿಯಿತು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ರೂಟನ್ನು ಎಷ್ಟೋ ಕಂಪನಿಗಳು ಮಾರುತ್ತವೆ, ಬ್ರೋಷರ್ ಕೂಡ ಹೆಚ್ಚುಕಮ್ಮಿ ಒಂದೇ ಥರ. ನೀವು ಯಾರ ಹತ್ತಿರ ಬುಕ್ ಮಾಡಿದರೂ ಇಲ್ಲಿ ಬರೆದದ್ದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಶುರುವಾಗುವುದು ಆಂಟಿಗ್ವಾದಲ್ಲಿ. ಹಿಂದೆ ಇದೇ ರಾಜಧಾನಿ. 1773ರ ಭೂಕಂಪದಲ್ಲಿ ಊರು ಕುಸಿದ ಮೇಲೆ ಸ್ಪೇನಿನ ಆಡಳಿತ ರಾಜಧಾನಿಯನ್ನು ಈಗಿನ ಗ್ವಾಟೆಮಾಲಾ ಸಿಟಿಗೆ ಸಾಗಿಸಿತು. ಅರ್ಧ ಬಿದ್ದ ಚರ್ಚುಗಳು ಇವತ್ತಿಗೂ ಹಾಗೇ ನಿಂತಿವೆ. ಬೀದಿಗಳೆಲ್ಲ ಉಂಡೆಕಲ್ಲಿನವು, ಚಪ್ಪಲಿ ಗಟ್ಟಿ ಇರಲಿ. ಮೊದಲ ದಿನದ ವಾಕಿಂಗ್ ಟೂರ್ ಪರವಾಗಿಲ್ಲ ಅನ್ನಬಹುದು, ಅಷ್ಟೇ. ಹಳದಿ ಕಮಾನಿನ ಕೆಳಗೆ ಒಂದು ಫೋಟೋ, ಚರ್ಚಿನ ಮುಂದೆ ಒಂದು ಫೋಟೋ, ನಡೀರಿ ಮುಂದೆ. ಅದಕ್ಕಿಂತ ಹೋಟೆಲ್ಲಿನ ತಾರಸಿಯಲ್ಲಿ ಕೂತು ಫುಯೆಗೋ ಜ್ವಾಲಾಮುಖಿ ಆಗಾಗ ಹೊಗೆ ಬಿಡುವುದನ್ನು ನೋಡಿದ್ದೇ ಚೆನ್ನಾಗಿತ್ತು. ನೋಡಲು ಚಂದ, ಆದರೆ ಸಾಧು ಏನಲ್ಲ. 2018ರ ಜೂನ್‌ನಲ್ಲಿ ಇದೇ ಬೆಟ್ಟ ಸಿಡಿದು ಬುಡದಲ್ಲಿದ್ದ ಹಳ್ಳಿಯನ್ನೇ ಬೂದಿಯಲ್ಲಿ ಮುಚ್ಚಿಬಿಟ್ಟಿತ್ತು.

ಕೊಟ್ಟ ದುಡ್ಡು ವಸೂಲಾಗುವುದು ಅಡುಗೆ ಕ್ಲಾಸಿನಲ್ಲಿ. ಇದೇನು, ಟೂರಿಸ್ಟ್‌ಗಳ ಸೊಂಟಕ್ಕೆ ಏಪ್ರನ್ ಕಟ್ಟಿ ಈರುಳ್ಳಿ ಹೆಚ್ಚಿಸಿ ಫೋಟೋ ತೆಗೆದು ಕಳಿಸುತ್ತಾರೆ ಅಂದುಕೊಂಡಿದ್ದರೆ, ಇಲ್ಲ. ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಒಣಮೆಣಸಿನಕಾಯಿ ಎರಡು ಜಾತಿಯದು ತಗೊಂಡೆವು. ಒಂದು ಗ್ವಾಕೆ, ಇನ್ನೊಂದು ಪಾಸಾ. ಎರಡರಲ್ಲೂ ಖಾರ ಕಡಿಮೆ, ಬಣ್ಣ ಮತ್ತು ಘಮ ಜಾಸ್ತಿ. ಜೊತೆಗೆ ಕುಂಬಳದ ಬೀಜ, ಎಳ್ಳು, ಚಕ್ಕೆ, ಟೊಮೆಟೊ, ಸೀಮೆ ಬದನೆಕಾಯಿ. ಇದೆಲ್ಲ ಸೇರಿ ಆಗುವುದು ಪೆಪಿಯಾನ್. ಗ್ವಾಟೆಮಾಲಾದಲ್ಲಿ ಒಂದೇ ಒಂದು ಅಡುಗೆ ತಿನ್ನುವುದಾದರೆ ಇದನ್ನೇ ತಿನ್ನಿ. ಬೀಜಗಳನ್ನು ಬೇರೆ, ಮೆಣಸಿನಕಾಯಿಯನ್ನು ಬೇರೆ, ಟೊಮೆಟೊ ಈರುಳ್ಳಿ ಬೆಳ್ಳುಳ್ಳಿಯನ್ನು ಬೇರೆ, ಹೀಗೆ ಒಂದೊಂದನ್ನೇ ಹೆಂಚಿನ ಮೇಲೆ ಹುರಿದು, ಸಿಪ್ಪೆ ಕಪ್ಪಾಗುವ ತನಕ ಸುಟ್ಟು, ಆಮೇಲೆ ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ, ಕೋಳಿ ಬೇಯಿಸಿದ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ನಮ್ಮ ಗುಂಪಿನಲ್ಲಿ ಒಬ್ಬರು ಬ್ಲೆಂಡರ್‌ಗೆ ಎಲ್ಲ ಒಟ್ಟಿಗೆ ಸುರಿದರೆ ಆಗಲ್ವಾ ಎಂದು ಕೇಳಿದರು. ಅಡುಗೆ ಹೇಳಿಕೊಡುತ್ತಿದ್ದ ಅಮ್ಮ ಉತ್ತರ ಕೊಡಲಿಲ್ಲ, ಸುಮ್ನೆ ನಕ್ಕು ಅವರ ಕೈಗೆ ಎಳ್ಳು ಹುರಿಯುವ ಕೆಲಸ ಕೊಟ್ಟರು.

ಸಾರು ಮಂದವಾಗಿ, ಕಡುಗಂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ತುತ್ತಿಗೆ ಸುಟ್ಟ ವಾಸನೆ, ಆಮೇಲೆ ಎಳ್ಳಿನ ಎಣ್ಣೆಯಂಶ, ಕೊನೆಗೆ ಚಕ್ಕೆ. ಪೆಪಿಯಾನ್, ಕೊತ್ತಂಬರಿಯ ಹಸಿರು ಸಾರು ಹೋಕೋನ್, ಟರ್ಕಿ ಕೋಳಿಯ ಕೆಂಪು ಸಾರು ಕಾಕ್‌ಇಕ್, ಚಾಕೊಲೇಟ್ ಗ್ರೇವಿಯಲ್ಲಿ ಹಾಕಿದ ಬಾಳೆಹಣ್ಣು, ಈ ನಾಲ್ಕನ್ನೂ 2007ರಲ್ಲಿ ಅಲ್ಲಿನ ಸರ್ಕಾರ ದೇಶದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ಟೂರಿನಲ್ಲಿ ನಾಲ್ಕೂ ಸಿಗುತ್ತವೆ ಎಂದು ಬ್ರೋಷರ್ ಹೇಳುತ್ತದೆ. ಸಿಕ್ಕವು, ಆದರೆ ಹೋಕೋನ್ ಸಿಕ್ಕಿದ್ದು ಹೋಟೆಲ್ ಬಫೆಯಲ್ಲಿ, ಆರಿ ತಣ್ಣಗಾಗಿ.

ಅದೇ ಅಡುಗೆ ಕ್ಲಾಸಿನಲ್ಲಿ ಟೋರ್ಟಿಯಾ, ಅಂದರೆ ಜೋಳದ ರೊಟ್ಟಿ, ಮಾಡುವುದನ್ನೂ ತೋರಿಸಿದರು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ತೊಳೆದು ರುಬ್ಬುತ್ತಾರೆ. ಸುಣ್ಣ ಯಾಕೆ ಎಂದರೆ, ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ಜೋಳದ ಒಳಗಿರುವ ನಿಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುತ್ತದೆ. ಯುರೋಪಿನವರು ಜೋಳ ತಗೊಂಡು ಹೋದರು, ಈ ವಿದ್ಯೆಯನ್ನು ಇಲ್ಲೇ ಬಿಟ್ಟು ಹೋದರು. ಅದಕ್ಕೇ ಅಲ್ಲಿ ಬರೀ ಜೋಳ ತಿಂದು ಬದುಕಿದ ಬಡವರಿಗೆ ಆ ವಿಟಮಿನ್ ಸಾಲದೆ ಪೆಲಾಗ್ರಾ ಕಾಯಿಲೆ ಬಂತು. ಇಂಥ ವಿಷಯವನ್ನು ಗೈಡ್ ಹಿಟ್ಟು ತಟ್ಟುತ್ತಾ ತಟ್ಟುತ್ತಾ ಹೇಳಿದರು, ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿಕೊಂಡು ಹೇಳಲಿಲ್ಲ. ಒಳ್ಳೆಯ ಗೈಡ್ ಎಂದರೆ ಹೀಗಿರಬೇಕು ನೋಡಿ.

ಈಗ ಸಸ್ಯಾಹಾರಿಗಳಿಗೆ. ಬ್ರೋಷರ್‌ನಲ್ಲಿ 'ವೆಜಿಟೇರಿಯನ್ ಊಟ ಲಭ್ಯ' ಎಂದು ಹಸಿರು ಎಲೆಯ ಗುರುತು ಹಾಕಿರುತ್ತಾರೆ. ನಂಬಬೇಡಿ, ಪ್ರತಿ ಸಲ ಕೇಳಿ. ಕಪ್ಪು ಬೀನ್ಸ್ ಅರೆದು ಹುರಿದ ಪಲ್ಯ ನೋಡಲು ನಿರಪಾಯ, ಆದರೆ ಎಷ್ಟೋ ಕಡೆ ಅದನ್ನು ಹುರಿಯುವುದು ಹಂದಿ ಕೊಬ್ಬಿನಲ್ಲಿ. ಎಲೆಯಲ್ಲಿ ಸುತ್ತಿ ಬೇಯಿಸುವ ಜೋಳದ ಕಡುಬು ಟಮಾಲ್, ಅದರ ಹಿಟ್ಟಿಗೂ ಅದೇ ಕೊಬ್ಬು ಬೀಳುತ್ತದೆ. ಮಾಂಸ ಬೇಡ ಎಂದು ಮಾತ್ರ ಹೇಳಿದರೆ ಕೋಳಿ ಬಂದು ಕೂರುತ್ತದೆ, ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರು ಬಹಳ. ಹಾಗಾಗಿ ಕೋಳಿ ಬೇಡ, ಕೊಬ್ಬು ಬೇಡ, ಕೋಳಿ ಬೇಯಿಸಿದ ನೀರೂ ಬೇಡ ಎಂದು ಬಿಡಿಬಿಡಿಯಾಗಿ ಹೇಳಿ. ಇಷ್ಟು ಹೇಳಿದ ಮೇಲೆ ಉಪವಾಸವೇನೂ ಬೀಳುವುದಿಲ್ಲ. ಮೊಟ್ಟೆ, ಬೀನ್ಸ್, ತಾಜಾ ಚೀಸ್, ಹುರಿದ ಬಾಳೆ, ಬೆಣ್ಣೆಹಣ್ಣು, ಟೋರ್ಟಿಯಾ ಇರುವ ಬೆಳಗಿನ ತಿಂಡಿ ಎಲ್ಲೆಲ್ಲೂ ಸಿಗುತ್ತದೆ, ಹೊಟ್ಟೆ ಮಧ್ಯಾಹ್ನದವರೆಗೆ ಕೇಳುವುದಿಲ್ಲ. ಬೇಯಿಸಿದ ಬಾಳೆಯನ್ನು ನಾದಿ ಒಳಗೆ ಸಿಹಿ ಬೀನ್ಸ್ ಹೂರಣ ಇಟ್ಟು ಕರಿದ ರೆಲೆನೀಟೋ ಬೀದಿಯಲ್ಲಿ ಸಿಕ್ಕರೆ ಬಿಡಬೇಡಿ. ಹೂರಣವೇ ಅದು, ಕಡಲೆಬೇಳೆ ಬದಲು ಕಪ್ಪು ಬೀನ್ಸ್ ಅಷ್ಟೇ.

ಕಾಫಿ ತೋಟದ ಭೇಟಿ ಚೆನ್ನಾಗಿತ್ತು, ಆದರೆ ಕಾಫಿ ತೋಟ ನೋಡಿದವರಿಗೆ ಹೊಸದೇನೂ ಇಲ್ಲ. ಒಂದು ವಿಚಿತ್ರ ಮಾತ್ರ ಹೇಳಲೇಬೇಕು. ಇಂಥ ಕಾಫಿ ಬೆಳೆಯುವ ದೇಶದಲ್ಲಿ ಒಳ್ಳೆಯ ಬೀಜ ಹೆಚ್ಚಾಗಿ ಹೊರದೇಶಕ್ಕೆ ಹೋಗುತ್ತದೆ, ಮನೆಗಳಲ್ಲಿ ಕುಡಿಯುವುದು ನೀರುನೀರಾದ ಸಕ್ಕರೆ ಕಾಫಿ. ಅದಕ್ಕೆ ಚಂಪುರ್ರಾದಾ ಅನ್ನುವ ಎಳ್ಳು ಉದುರಿಸಿದ ಗಟ್ಟಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾರೆ. ತೋಟದಲ್ಲಿ ಕೊಟ್ಟ ದುಬಾರಿ ಕಪ್‌ಗಿಂತ ನನಗೆ ಇದೇ ಜಾಸ್ತಿ ಹಿಡಿಸಿತು.

ಚಿಚಿಕಾಸ್ಟೆನಾಂಗೋ ಸಂತೆ ಗುರುವಾರ ಮತ್ತು ಭಾನುವಾರ ಮಾತ್ರ. ನಿಮ್ಮ ಪ್ಲಾನ್‌ನಲ್ಲಿ ಬೇರೆ ವಾರ ಹಾಕಿದ್ದರೆ ಕಂಪನಿಗೆ ಈಗಲೇ ಫೋನ್ ಮಾಡಿ. ಸಂತೆಯ ನಡುವೆ ಬಿಳಿ ಬಣ್ಣದ ಸಾಂತೋ ತೋಮಾಸ್ ಚರ್ಚ್, ಅದರ ಮೆಟ್ಟಿಲ ಮೇಲೆ ಹೂ ಮಾರುವವರು, ಕೋಪಾಲ್ ಧೂಪದ ಹೊಗೆ, ಇಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಪೂಜಾರಿಗಳು. ಒಳಗೆ ಕ್ಯಾಥೊಲಿಕ್ ಪ್ರಾರ್ಥನೆ, ಹೊರಗೆ ಮಾಯಾ ಪೂಜೆ, ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಒಳಗೆ ಫೋಟೋ ತೆಗೆಯಬೇಡಿ. ಮಾಯಾ ಜನರ ಸೃಷ್ಟಿಕಥೆ ಪೊಪೋಲ್ ವುಹ್ ನಮಗೆ ಸಿಕ್ಕಿದ್ದು ಇದೇ ಊರಿನಿಂದ. 18ನೇ ಶತಮಾನದ ಆರಂಭದಲ್ಲಿ ಇಲ್ಲಿದ್ದ ಫ್ರಾನ್ಸಿಸ್ಕೋ ಹಿಮೇನೆಸ್ ಎಂಬ ಪಾದ್ರಿ ಅದನ್ನು ನಕಲು ಮಾಡಿ ಸ್ಪ್ಯಾನಿಷ್‌ಗೆ ತಂದರು. ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡಿದರಂತೆ, ಕರಗಿಹೋದ. ಮರದಿಂದ ಮಾಡಿದರಂತೆ, ಅವನಿಗೆ ಮನಸ್ಸೇ ಇರಲಿಲ್ಲ. ಕೊನೆಗೆ ಜೋಳದ ಹಿಟ್ಟಿನಿಂದ ಮಾಡಿದರು, ಅವನು ನಿಂತ. ಸಂತೆಯ ಒಳಗಿನ ಊಟದ ಸಾಲಿನಲ್ಲಿ ಬೆಂಚಿನ ಮೇಲೆ ಕೂತು ಬಿಸಿ ಟೋರ್ಟಿಯಾ ತಿನ್ನುವಾಗ ಗೈಡ್ ಈ ಕಥೆ ಹೇಳಿದರು. ಆ ಊಟಕ್ಕೆ 30 ಕೆಟ್ಸಾಲ್ ಆಸುಪಾಸು, ಅಂದರೆ ಸುಮಾರು 4 ಡಾಲರ್. ಟೂರಿನ ಹೋಟೆಲ್ ಬಫೆಗಳಿಗಿಂತ ನೂರು ಪಾಲು ಮೇಲು.

ಅಟಿಟ್ಲಾನ್ ಸರೋವರದ ಬಗ್ಗೆ ಎಷ್ಟು ಬರೆದರೂ ಕಡಿಮೆ, ಹಾಗಾಗಿ ನೋಟದ ವರ್ಣನೆ ಬಿಡುತ್ತೇನೆ. ಹಳೆಯ ಮಹಾಸ್ಫೋಟದ ಕುಳಿಯಲ್ಲಿ ತುಂಬಿದ ನೀರು, 300 ಮೀಟರಿಗೂ ಜಾಸ್ತಿ ಆಳ, ಸುತ್ತ ಮೂರು ಜ್ವಾಲಾಮುಖಿ. ದೋಣಿ ಸವಾರಿ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ನಂತರ ಶೊಕೊಮಿಲ್ ಎಂಬ ಗಾಳಿ ಏಳುತ್ತದೆ, ದೋಣಿ ಎತ್ತಿ ಎತ್ತಿ ಕುಕ್ಕುತ್ತದೆ, ಸೊಂಟದ ನೋವು ಇರುವವರಿಗೆ ಕಷ್ಟ. ಸಾನ್ ಹುವಾನ್ ಲಾ ಲಗೂನಾದಲ್ಲಿ ಹೆಂಗಸರ ನೇಯ್ಗೆ ಸಹಕಾರ ಸಂಘಗಳಿವೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿಕೊಂಡು ನೇಯುತ್ತಾರೆ. ಬಣ್ಣ ಎಲೆ ತೊಗಟೆಗಳದ್ದು. ಇಲ್ಲಿ ಬೆಲೆ ಬರೆದಿರುತ್ತದೆ, ಚೌಕಾಸಿ ಮಾಡಬೇಡಿ, ಒಂದು ಶಾಲಿಗೆ ಎಷ್ಟು ದಿನದ ಕೆಲಸ ಎಂದು ಕಣ್ಣಾರೆ ನೋಡಿದ ಮೇಲೆ ಬಾಯೂ ಬರುವುದಿಲ್ಲ.

ಸಾಂತಿಯಾಗೋ ಅಟಿಟ್ಲಾನ್‌ನಲ್ಲಿ ಮಾಶಿಮೋನ್ ದರ್ಶನ. ಟೋಪಿ ಹಾಕಿ, ಬಾಯಿಗೆ ಚುಟ್ಟಾ ಇಟ್ಟುಕೊಂಡ ಮರದ ದೇವರು. ನೈವೇದ್ಯಕ್ಕೆ ಹೆಂಡ, ಸಿಗರೇಟು. ವರ್ಷಕ್ಕೊಮ್ಮೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾನೆ, ಆ ವರ್ಷ ಆ ಮನೆಯವರದ್ದೇ ಸೇವೆ. ಒಳಗೆ ಹೋಗಲು, ಫೋಟೋ ತೆಗೆಯಲು ಬೇರೆ ಬೇರೆ ಕಾಣಿಕೆ. ಟೂರಿನವರು ಇದನ್ನು 'ವಿಚಿತ್ರ' ಅನ್ನುವ ಹಾಗೆ ಮಾರುತ್ತಾರೆ, ನನಗೆ ಹಿಡಿಸಲಿಲ್ಲ. ಅಲ್ಲಿ ಒಬ್ಬಾಕೆ ಮಗುವಿನ ಹುಷಾರಿಗೆ ಹರಕೆ ಕಟ್ಟುತ್ತಿದ್ದರು, ನಮ್ಮ ಗುಂಪಿನ ಹನ್ನೊಂದು ಮೊಬೈಲ್ ಮೇಲೆದ್ದವು. ಇಂಥ ಕಡೆ ಗುಂಪು ಚಿಕ್ಕದಿರಬೇಕು, ಗೈಡ್ ಗಟ್ಟಿಯಾಗಿ ಬೇಡ ಅನ್ನಬೇಕು. ನಮ್ಮವರು ಅನ್ನಲಿಲ್ಲ.

ಇನ್ನು ದೂರು. ಸರೋವರ ಬಿಟ್ಟ ಮೇಲೆ ಕೋಬಾನ್‌ಗೆ ಹೋಗುವ ದಾರಿ ಉದ್ದ, ತಿರುವು ಜಾಸ್ತಿ, ವಾಂತಿ ಮಾತ್ರೆ ಇಟ್ಟುಕೊಳ್ಳಿ. ದಾರಿಯಲ್ಲಿ ಒಂದು ಬಟ್ಟೆ ಅಂಗಡಿ, ಒಂದು ಜೇಡ್ ಕಲ್ಲಿನ ಅಂಗಡಿ, ಎರಡಕ್ಕೂ ಬೇಕಾದಷ್ಟು ಟೈಮ್ ಇತ್ತು. ಕೋಬಾನ್‌ನಲ್ಲಿ ಮಾತ್ರ ಇರಲಿಲ್ಲ. ಕಾಕ್‌ಇಕ್ ಹುಟ್ಟಿದ ಸೀಮೆ ಇದು, ಕೆಕ್ಚಿ ಜನರ ಅಡುಗೆ. ಅಲ್ಲಿ ನಮ್ಮನ್ನು ಒಂದು ಗಂಟೆಯೊಳಗೆ ಉಣ್ಣಿಸಿ ಎಬ್ಬಿಸಿದರು. ಸಾರು ಮಾತ್ರ ಅದ್ಭುತ, ಕೆಂಪಗೆ, ತೆಳ್ಳಗೆ, ಪುದೀನ ಕೊತ್ತಂಬರಿ ಘಮ, ಪಕ್ಕದಲ್ಲಿ ಖಾರದ ಪುಡಿ. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ, ಅದರಲ್ಲೂ ಜಾಸ್ತಿ ಬೆಳೆಯುವುದು ಈ ಬೆಟ್ಟಗಳಲ್ಲೇ. ಪಶ್ಚಿಮ ಘಟ್ಟದ ಗಿಡ ಇಲ್ಲಿಗೆ ಬಂದದ್ದು ಸುಮಾರು ನೂರು ವರ್ಷದ ಹಿಂದೆ, ಜರ್ಮನ್ ಕಾಫಿ ಪ್ಲಾಂಟರ್‌ಗಳ ಕೈಯಲ್ಲಿ. ಬೆಳೆದದ್ದೆಲ್ಲ ಹೆಚ್ಚುಕಡಿಮೆ ಅರಬ್ ದೇಶಗಳಿಗೆ ಹೋಗುತ್ತದೆ, ಊರಿನ ಅಡುಗೆಯಲ್ಲಿ ಏಲಕ್ಕಿ ಕಾಣುವುದೇ ಅಪರೂಪ. ಇಷ್ಟು ಒಳ್ಳೆಯ ಕಥೆ ಕೈಯಲ್ಲಿಟ್ಟುಕೊಂಡು ಊಟದ ಟೂರಿನವರು ಒಂದು ಏಲಕ್ಕಿ ತೋಟವನ್ನೂ ತೋರಿಸುವುದಿಲ್ಲ. ಜೇಡ್ ಅಂಗಡಿ ತೋರಿಸುತ್ತಾರೆ.

ಪೆಟೇನ್ ಕಾಡಿನೊಳಗಿನ ಹಳೆಯ ಮಾಯಾ ನಗರ ಟಿಕಾಲ್, ಅದರ ಬಗ್ಗೆ ದೂರಲು ಮನಸ್ಸು ಬರುವುದಿಲ್ಲ. ನಾಲ್ಕನೇ ದೇವಾಲಯದ ತುದಿಯಲ್ಲಿ ನಿಂತರೆ ಕಾಡಿನ ಮೇಲೆ ಬೇರೆ ಗೋಪುರಗಳ ತಲೆ ಮಾತ್ರ ಕಾಣುತ್ತದೆ, ಕೂಗುಮಂಗಗಳ ಸದ್ದು ಕೆಳಗಿನಿಂದ ಬರುತ್ತದೆ. ಆದರೆ ಅಲ್ಲಿ ಕೊಟ್ಟ ಊಟ ಡಬ್ಬಿಯಲ್ಲಿ ಹಾಕಿದ ಹ್ಯಾಮ್ ಸ್ಯಾಂಡ್‌ವಿಚ್. ರಾತ್ರಿ 'ಸಾಂಸ್ಕೃತಿಕ ಸಂಜೆ', ಅಂದರೆ ಹೋಟೆಲ್ ಈಜುಕೊಳದ ಪಕ್ಕ ಮರಿಂಬಾ ಎಂಬ ಮರದ ಪಟ್ಟಿಗಳ ವಾದ್ಯ ಮತ್ತು ಪಾಸ್ತಾ. ಮರಿಂಬಾ ಬಾರಿಸಿದವರು ಚೆನ್ನಾಗೇ ಬಾರಿಸಿದರು, ಪಾಪ, ಕೇಳುವವರು ಪಾಸ್ತಾಕ್ಕೆ ಕ್ಯೂ ನಿಂತಿದ್ದರು.

ಲಿವಿಂಗ್‌ಸ್ಟನ್ ಸ್ವಲ್ಪ ಮಾನ ಉಳಿಸಿತು. ಕೆರಿಬಿಯನ್ ಕಡಲ ದಂಡೆಯ ಊರು, ಹೊರಗಿನಿಂದ ರಸ್ತೆ ಸಂಪರ್ಕ ಇಲ್ಲ, ದೋಣಿಯಲ್ಲೇ ಹೋಗಬೇಕು, ನಾವು ರಿಯೋ ದುಲ್ಸೆ ನದಿಯಲ್ಲಿ ಹೋದೆವು. ಇಲ್ಲಿ ಗಾರಿಫುನಾ ಜನ ಇದ್ದಾರೆ, ಆಫ್ರಿಕಾ ಮತ್ತು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ವಂಶದವರು. ಅವರ ತಪಾಡೋ ತಿಂದೆವು. ತೆಂಗಿನ ಹಾಲಿನಲ್ಲಿ ಮೀನು, ಏಡಿ, ಸಿಗಡಿ, ಹಸಿರು ಬಾಳೆ. ಪಕ್ಕದಲ್ಲಿ ತೆಂಗಿನ ಬ್ರೆಡ್. ಏಡಿ ಒಡೆಯಲು ಕೈ ಹಾಕಲೇಬೇಕು, ಬಿಳಿ ಅಂಗಿ ಬೇಡ. ಅಡುಗೆ ಮಾಡಿದವರ ಮನೆಯಲ್ಲೇ ಕೂರಿಸಿದರು, ಯಾರೂ ಗಡಿಯಾರ ನೋಡಲಿಲ್ಲ.

ಹಾಗಾದರೆ ಯಾವುದನ್ನು ಬುಕ್ ಮಾಡಬೇಕು? ನಮ್ಮ ಟೂರ್ ಕಂಪನಿಯವರ ಹತ್ತಿರವೇ ಗುಡ್ಡದ ಕಡೆಯ ಚಿಕ್ಕ ಪ್ಯಾಕೇಜ್ ಇದೆ, ಅದನ್ನು ತಗೊಳ್ಳಿ. ಟಿಕಾಲ್ ನೋಡಲೇಬೇಕೆಂದರೆ ಗ್ವಾಟೆಮಾಲಾ ಸಿಟಿಯಿಂದ ಅದರ ಹತ್ತಿರದ ಊರು ಫ್ಲೋರೆಸ್‌ಗೆ ವಿಮಾನ ಇದೆ, ನೀವೇ ಹೋಗಿಬನ್ನಿ. ಚಿಲ್ಲರೆ ಕೆಟ್ಸಾಲ್ ನೋಟು ಜೇಬಿನಲ್ಲಿರಲಿ, ಸಂತೆಯಲ್ಲಿ ಕಾರ್ಡ್ ನಡೆಯುವುದಿಲ್ಲ. ನಲ್ಲಿ ನೀರು ಬೇಡ. ಗುಡ್ಡದಲ್ಲಿ ರಾತ್ರಿ ಚಳಿ, ಸ್ವೆಟರ್ ಬೇಕೇ ಬೇಕು. ಶನಿವಾರ ಸಂಜೆ ಆಂಟಿಗ್ವಾದಲ್ಲಿದ್ದರೆ ಹೋಟೆಲ್ ಊಟ ಬಿಟ್ಟು ಬೀದಿಗಿಳಿಯಿರಿ. ಯಾವ ಮನೆಯ ಮುಂದೆ ಕೆಂಪು ದೀಪ ಉರಿಯುತ್ತಿದೆಯೋ ಅಲ್ಲಿ ಟಮಾಲ್ ಮಾರುತ್ತಾರೆ.

ಮಳೆ ಮೇ ತಿಂಗಳಿನಿಂದ ಅಕ್ಟೋಬರ್ ತನಕ. ಸಾಧ್ಯವಾದರೆ ನವೆಂಬರ್ 1ಕ್ಕೆ ಹೊಂದಿಸಿಕೊಳ್ಳಿ. ಅವತ್ತು ತೀರಿಹೋದವರ ಹಬ್ಬ, ಸುಂಪಾಂಗೋ ಮತ್ತು ಸಾಂತಿಯಾಗೋ ಸಕಾತೆಪೆಕೆಸ್ ಊರುಗಳಲ್ಲಿ ಮನೆಗಿಂತ ಎತ್ತರದ ಗಾಳಿಪಟ ನಿಲ್ಲಿಸುತ್ತಾರೆ, ಮನೆಮನೆಯಲ್ಲಿ ಹತ್ತಾರು ಬಗೆಯ ತರಕಾರಿ ಮಾಂಸ ಕಲಸಿದ ಫಿಯಾಂಬ್ರೆ ಎಂಬ ತಣ್ಣನೆ ಸಲಾಡ್ ಮಾಡುತ್ತಾರೆ, ಅದು ವರ್ಷಕ್ಕೆ ಆ ಹೊತ್ತಿನಲ್ಲಿ ಮಾತ್ರ. ಮಾಂಸ ಇಲ್ಲದ ಫಿಯಾಂಬ್ರೆಯನ್ನೂ ಮಾಡುವವರಿದ್ದಾರೆ, ಕೇಳಿ. ರೂಮ್ ಮಾತ್ರ ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು.