ನೆಟ್‌ವರ್ಕ್ ಇಲ್ಲದ ಗುಡ್ಡಕ್ಕೆ ಯಾವ ಮ್ಯಾಪ್? ನನ್ನ ಓಟು ಪುಕ್ಕಟೆ ಆ್ಯಪ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಆರ್ಗ್ಯಾನಿಕ್ ಮ್ಯಾಪ್ಸ್. ಅದರ ಜೊತೆ ಬಳಸಿ ನೋಡಿದ್ದು ಗೂಗಲ್ ಮ್ಯಾಪ್ಸ್, ಓಸ್ಮ್ಯಾಂಡ್ ಮತ್ತು ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ಒಂದು ಟ್ರೆಕ್ಕಿಂಗ್ ಆ್ಯಪ್. ಕೊನೆಯದರ ಹೆಸರು ಬೇಡ, ಯಾಕೆಂದರೆ ಬೈಗುಳ ಎಲ್ಲಾ ಅದಕ್ಕೇ.

ನಾನಿರುವುದು ಹಾಸನದಲ್ಲಿ. ರಜೆ ಸಿಕ್ಕರೆ ಬೈಕ್ ಹತ್ತಿ ಸಕಲೇಶಪುರದ ಕಡೆಗೋ ಮೂಡಿಗೆರೆ ಕಡೆಗೋ ಹೊರಡುತ್ತೇನೆ. ಆ ಕಡೆ ಪೇಟೆ ದಾಟಿ ಒಂದು ಗುಡ್ಡ ಅಡ್ಡ ಬಂದರೆ ಸಾಕು, ಸಿಗ್ನಲ್ ಹೋಯ್ತು. ಫೋನಿನ ಜಿಪಿಎಸ್‌ಗೆ ಮಾತ್ರ ಟವರ್ ಬೇಕಿಲ್ಲ. ಅದು ಉಪಗ್ರಹದಿಂದಲೇ ಜಾಗ ಲೆಕ್ಕ ಹಾಕುತ್ತದೆ. ಹಾಗಾಗಿ ನೀಲಿ ಚುಕ್ಕೆ ಎಲ್ಲಿ ಹೋದರೂ ಬರುತ್ತದೆ. ಆ ಚುಕ್ಕೆಯ ಕೆಳಗೆ ನಕ್ಷೆ ಇರಬೇಕಷ್ಟೆ.

ಚಂದಾ ಆ್ಯಪ್ ಮನೆಯಲ್ಲಿ ನೋಡುವುದಕ್ಕೆ ಬಹಳ ಚೆಂದ ಇತ್ತು. ಉಪಗ್ರಹ ಚಿತ್ರ, ಇಳಿಜಾರಿಗೆ ಬಣ್ಣ, ಎಲ್ಲಾ ಇತ್ತು. ಮೂಡಿಗೆರೆ ಕಡೆಯ ಎತ್ತಿನಭುಜ ಗುಡ್ಡಕ್ಕೆ ಹೊರಟಾಗ ಹಿಂದಿನ ರಾತ್ರಿಯೇ ವೈಫೈನಲ್ಲಿ ಆ ಭಾಗ ಪೂರ್ತಿ ಇಳಿಸಿಕೊಂಡಿದ್ದೆ. ಬೈರಾಪುರದ ಹತ್ತಿರ ಬೈಕ್ ನಿಲ್ಲಿಸಿ ತೆರೆದರೆ ಬಿಳಿ ಪರದೆ. ನಡುವೆ ಎರಡು ಖಾಲಿ ಡಬ್ಬಿ, ಇಮೇಲ್ ಮತ್ತು ಪಾಸ್‌ವರ್ಡ್. ಮತ್ತೆ ಲಾಗಿನ್ ಆಗಬೇಕಂತೆ! ತುಂಬಿ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ಕೊನೆಗೆ ‘ಇಂಟರ್ನೆಟ್ ಸಂಪರ್ಕ ಪರಿಶೀಲಿಸಿ’ ಅಂತ ಬಂತು. ಇಂಟರ್ನೆಟ್ ಇಲ್ಲ ಅಂತಲೇ ಅಲ್ವಾ ದುಡ್ಡು ಕೊಟ್ಟಿದ್ದು?

ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದರೆ ಇಳಿಸಿದ ನಕ್ಷೆ ಫೋನಿನಲ್ಲೇ ಜಾಗ ಹಿಡಿದು ಕೂತಿತ್ತು. ಮನೆ ಮುಂದೆ ನಿಂತಿದ್ದೇವೆ, ಬೀಗದ ಕೈ ಪೇಟೆಯಲ್ಲಿ ಉಳಿದಿದೆ ಅನ್ನೋ ಹಾಗಾಯ್ತು. ಫೋನ್ ಆಫ್ ಮಾಡಿ ಆನ್ ಮಾಡಿದೆ, ಸಿಮ್ ಬದಲಿಸಿದೆ, ಬಂಡೆ ಹತ್ತಿ ಕೈ ಮೇಲೆತ್ತಿದೆ. ಏನೂ ಆಗಲಿಲ್ಲ. ಜೊತೆಗಿದ್ದವನ ಫೋನಿನಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಇತ್ತು, ಅದರಲ್ಲೇ ಹೋಗಿ ಬಂದೆವು. ಆಮೇಲೆ ಕಂಪನಿಗೆ ಬರೆದರೆ, ಪ್ರತಿ ಸಲ ಹೊರಡುವ ಮುಂಚೆ ನೆಟ್ ಇರುವ ಕಡೆ ಒಮ್ಮೆ ಆ್ಯಪ್ ತೆರೆಯಿರಿ ಅಂತ ಉತ್ತರ. ತೆರೆದೇ ಹೊರಟಿದ್ದೆ ಅಂದೆ. ಮತ್ತೆ ಉತ್ತರವಿಲ್ಲ.

ಅದು ಜಾಗ ನುಂಗುವುದೂ ಜಾಸ್ತಿ. ಉಪಗ್ರಹ ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಇಳಿಯುತ್ತದೆ. ಒಂದು ಹಂತ ಹತ್ತಿರದಿಂದ ನೋಡಬೇಕು ಅಂದರೆ ಚೌಕಗಳು ನಾಲ್ಕು ಪಟ್ಟು. ಎರಡು ಹಂತಕ್ಕೆ ಹದಿನಾರು. ಉಳಿದ ಮೂರರಲ್ಲಿ ಚಿತ್ರದ ಬದಲು ಗೆರೆ, ಚುಕ್ಕೆಗಳ ಲೆಕ್ಕ ಇಳಿಯುತ್ತದೆ, ಫೋನೇ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಹಗುರ.

ಗೂಗಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಫ್‌ಲೈನ್‌ನಲ್ಲಿ ಅದು ಗಾಡಿ ದಾರಿ ತೋರಿಸುತ್ತದೆ, ನಡಿಗೆ ದಾರಿ ತೋರಿಸುವುದಿಲ್ಲ. ಪೆಟ್ರೋಲ್ ಬಂಕ್, ಹೋಟೆಲ್ ಹುಡುಕಲು ಅದನ್ನು ಮೀರಿಸುವ ಆ್ಯಪ್ ಇಲ್ಲ. ಮೂಡಿಗೆರೆವರೆಗೆ ಗೂಗಲ್, ಆಮೇಲೆ ಜೇಬಿಗೆ.

ಓಸ್ಮ್ಯಾಂಡ್ ಮತ್ತು ಆರ್ಗ್ಯಾನಿಕ್ ಎರಡಕ್ಕೂ ನಕ್ಷೆ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಊರೂರಿನ ಜನ ಸೇರಿಸಿದ್ದೇ ಅದರ ಬಂಡವಾಳ. ಒಂದರಲ್ಲಿರುವ ಕಾಲುದಾರಿ ಇನ್ನೊಂದರಲ್ಲೂ ಸಾಮಾನ್ಯವಾಗಿ ಇರುತ್ತದೆ. ವ್ಯತ್ಯಾಸ ಇರುವುದು ಬಳಸುವುದರಲ್ಲಿ. ಓಸ್ಮ್ಯಾಂಡ್‌ನಲ್ಲಿ ಇಲ್ಲದ್ದೇ ಇಲ್ಲ, ಆದರೆ ಮೆನು ಒಳಗೆ ಮೆನು. ಮಳೆಯಲ್ಲಿ ಒದ್ದೆ ಬೆರಳಲ್ಲಿ ಅದನ್ನು ತಡಕಾಡುವ ತಾಳ್ಮೆ ನನಗಿಲ್ಲ. ಪ್ಲೇ ಸ್ಟೋರಿನ ಪುಕ್ಕಟೆ ಆವೃತ್ತಿಯಲ್ಲಿ ಡೌನ್‌ಲೋಡ್‌ಗೆ ಮಿತಿಯೂ ಇದೆ.

ಆರ್ಗ್ಯಾನಿಕ್‌ನಲ್ಲಿ ಖಾತೆ ಇಲ್ಲ, ಜಾಹೀರಾತು ಇಲ್ಲ, ಲಾಗಿನ್ ಇಲ್ಲ. ನನಗೆ ಇಷ್ಟೇ ಸಾಕಿತ್ತು. ಮೇಲಾಗಿ ಎತ್ತರದ ಗೆರೆಗಳೂ ಪುಕ್ಕಟೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ ಅದು, ಒತ್ತಾಗಿದ್ದಷ್ಟೂ ಇಳಿಜಾರು ಕಡಿದು. ಮುಳ್ಳಯ್ಯನಗಿರಿಯ ಪಕ್ಕಗಳಲ್ಲಿ ಆ ಗೆರೆಗಳು ಒತ್ತೊತ್ತಾಗಿರುವುದು ನೋಡಿದರೆ ಎಲ್ಲಿ ಇಳಿಯಬಾರದು ಅಂತ ಗೊತ್ತಾಗುತ್ತದೆ. ನಡಿಗೆ ದಾರಿ ಕೇಳಿದರೆ ಏರಿಳಿತದ ಚಿತ್ರವನ್ನೂ ಕೊಡುತ್ತದೆ. ಬೇರೆಯವರು ತಾವು ಹೋದ ದಾರಿ ದಾಖಲಿಸಿ ಕಳಿಸಿದ ಜಿಪಿಎಕ್ಸ್ ಫೈಲ್ ವಾಟ್ಸಾಪ್‌ನಿಂದಲೇ ತೆರೆಯಬಹುದು.

ಕೊರತೆಯೂ ಇದೆ. ನಮ್ಮ ಕಡೆ ಕಾಫಿ ತೋಟದೊಳಗಿನ ಜೀಪ್ ರಸ್ತೆಗಳು ಎಷ್ಟೋ ಸಲ ಸಾರ್ವಜನಿಕ ದಾರಿಯ ಹಾಗೆ ಕಾಣುತ್ತವೆ. ಸಕಲೇಶಪುರದ ಆಚೆ ಹಾಗೇ ನಂಬಿ ಹೋದರೆ ಎದುರಿಗೆ ಕಬ್ಬಿಣದ ಗೇಟು, ಸರಪಳಿ, ಬೀಗ. ಒಳಗಿಂದ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಬಂದು, ‘ಇದು ಎಸ್ಟೇಟು ಸಾರ್, ಲೈನ್ ಮನೆ ಹಿಂದೆ ಕಾಲ್ದಾರಿ ಐತೆ, ಆದ್ರೆ ಇವತ್ತು ಬ್ಯಾಡ, ಆನೆ ಆ ಕಡೇನೇ ಐತೆ’ ಅಂದರು. ಇಂಥದ್ದು ಯಾವ ಆ್ಯಪ್‌ನಲ್ಲೂ ಬರುವುದಿಲ್ಲ. ಹಾಗೆಯೇ ನಕ್ಷೆಯಲ್ಲಿ ದಾರಿ ಇದ್ದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ಕುದುರೆಮುಖದಂಥ ಕಡೆ ಅರಣ್ಯ ಇಲಾಖೆಯ ಪರ್ಮಿಟ್ ಬೇಕೇ ಬೇಕು. ಅದರ ಸ್ಕ್ರೀನ್‌ಶಾಟನ್ನೂ ಸಿಗ್ನಲ್ ಇರುವಾಗಲೇ ತೆಗೆದಿಟ್ಟುಕೊಳ್ಳಿ.

ಯಾವ ಆ್ಯಪ್ ಆದರೂ ಪೇಟೆಯಲ್ಲೇ ಒಮ್ಮೆ ತೆರೆದು ಚುಕ್ಕೆ ಕೂತಿದೆಯಾ ನೋಡಿ. ನೆಟ್ ಇಲ್ಲದಿದ್ದರೆ ಫೋನು ಉಪಗ್ರಹಗಳು ಎಲ್ಲಿವೆ ಅನ್ನುವ ವಿವರವನ್ನು ಆಕಾಶದಿಂದಲೇ ತರಿಸಿಕೊಳ್ಳಬೇಕು. ಅದು ಬರುವುದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ. ಮರದ ನೆರಳಲ್ಲಿ ಇನ್ನೂ ತಡ.

ಕಾರಲ್ಲಿ ಹೋಗಿ ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತಿ ಬರುವವರಿಗೆ ಗೂಗಲ್ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸೆಟ್ಟಿಂಗ್ಸ್ ತಿರುವಿ ಹಾಕುವ ಹುಚ್ಚು ಇದ್ದರೆ ಓಸ್ಮ್ಯಾಂಡ್. ನನ್ನ ಹಾಗೆ ತಿಂಡಿ ಮುಗಿಸಿ ಹೊರಟು ಕತ್ತಲಾಗುವುದರೊಳಗೆ ಮನೆ ಸೇರುವವರಿಗೆ ಆರ್ಗ್ಯಾನಿಕ್. ಚಂದಾ ನವೀಕರಣ ನಿಲ್ಲಿಸಿದ್ದೇನೆ, ಆ ದುಡ್ಡಿಗೆ ಒಂದು ಪವರ್ ಬ್ಯಾಂಕ್ ಬಂತು.